ಅಂಗಡಿಯಲ್ಲಿ ತಪ್ಪದ ಲೆಕ್ಕ ಪರೀಕ್ಷೆಯಲ್ಲಿ ಯಾಕೆ ತಪ್ಪುತ್ತದೆ?

ಪ್ರಶ್ನೆ: ಸರ್, ಗುಳೇದಗುಡ್ಡದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಮಗಳು 8ನೇ ತರಗತಿ. ಸಂಜೆ ಗಲ್ಲಾದ ಹತ್ತಿರ ಕೂತರೆ ದೀಡ (ಒಂದೂವರೆ) ಕಿಲೋ ಸಕ್ಕರೆ, ಪಾವ (ಕಾಲು) ಕಿಲೋ ಪುಟಾಣಿ, ಎಲ್ಲ ಸೇರಿ ಎಷ್ಟಾಯ್ತು ಅಂತ ಬಾಯಲ್ಲೇ ಹೇಳುತ್ತಾಳೆ. ಚಿಲ್ಲರೆಯಲ್ಲಿ ಒಂದು ರೂಪಾಯಿ ತಪ್ಪಲ್ಲ. ಆದರೆ 6ನೇ ತರಗತಿಗೆ ಇಂಗ್ಲಿಷ್ ಮೀಡಿಯಂ ಸೇರಿದ ಮೇಲೆ ಗಣಿತದ ಅಂಕ ಇಳಿಯುತ್ತಲೇ ಇದೆ. ಈ ಸಲ ಯೂನಿಟ್ ಟೆಸ್ಟಿನಲ್ಲಿ 25ಕ್ಕೆ 7. ಪೇಪರ್ ಕೈಗೆ ಬಂದರೆ ಅಂಗೈ ಬೆವರುತ್ತದಂತೆ. ಮನೆಗೆ ಬಂದು ಹೇಳಿಕೊಡುವವರನ್ನು ಇಡೋಣ್ವಾ, ಟ್ಯೂಷನ್ ಕ್ಲಾಸಿಗೆ ಕಳಿಸೋಣ್ವಾ? ಅಂಗಡಿಯಲ್ಲಿ ಕೂರೋದು ಬಿಡಿಸು ಅಂತಾರೆ ಇವರು. ನನಗಂತೂ ಗಣಿತ ಬರಲ್ಲ.
– ಒಬ್ಬ ತಾಯಿ, ಗುಳೇದಗುಡ್ಡ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ನನಗೆ ನವನಗರದ ಒಬ್ಬ ಹುಡುಗ ನೆನಪಾದ. ತಂದೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು. ಹುಡುಗ 6ನೇ ತರಗತಿ. ಹೈಸ್ಕೂಲ್ ಮಾಸ್ತರಿಕೆಯಿಂದ ನಿವೃತ್ತಿಯಾದ ಮೇಲೆ ನಾನು ಮಕ್ಕಳ ಮನೆಗೆ ಹೋಗಿ ಹೇಳಿಕೊಡಲು ಶುರು ಮಾಡಿದ್ದೆ, ಮೊದಲ ವರ್ಷ ಸಿಕ್ಕವ ಅವನು.

ಮೊದಲ ದಿನ ಅವನಿಗೆ ಒಂದು ಕಳೆಯುವ ಲೆಕ್ಕ ಕೊಟ್ಟೆ. 500ರಲ್ಲಿ 278 ಹೋದರೆ ಎಷ್ಟು? ಪಟ್ಟನೆ 378 ಅಂತ ಬರೆದ. ನಾನು ತಪ್ಪು ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ನೋಟ್‌ಬುಕ್ ಮುಚ್ಚಿ ಕೇಳಿದೆ: "ಸಂತ್ಯಾಗ ಕೂತೀದಿ ಅಂತ ತಿಳಕೊ. 278 ರೂಪಾಯಿ ಕಾಯಿಪಲ್ಲೆ ಒಯ್ದರು, ಐದು ನೂರರ ನೋಟು ಕೊಟ್ಟರು. ಎಷ್ಟು ವಾಪಸ್ ಕೊಡ್ತಿ?"

"222 ಕೊಡ್ತೀನ್ರಿ ಸರ್."

"ಹೆಂಗ ಮಾಡಿದಿ?"

"278ಕ್ಕ ಎರಡು ಹಾಕಿದ್ರ 280. ಇಪ್ಪತ್ತು ಹಾಕಿದ್ರ 300. ಮುಂದ ಎರಡು ನೂರು."

ಆಮೇಲೆ ನೋಟ್‌ಬುಕ್ ತೆರೆದು ಅವನ ಮುಂದಿಟ್ಟೆ. 378 ನೋಡಿದ. ನನ್ನ ಮುಖ ನೋಡಿದ. "ಹಂಗ ಕೊಟ್ರ ಧಂದೆ ಮುಚ್ಚಬೇಕಾಕ್ಕೈತ್ರಿ ಸರ್" ಅಂದ.

ಇಬ್ಬರೂ ನಕ್ಕೆವು. ಅದಾದ ಮೇಲೆ ನಿಜವಾದ ಪ್ರಶ್ನೆ ಕೇಳಿದೆ. ಬಿಡಿ ಸ್ಥಾನದಲ್ಲಿ 8 ಯಾಕೆ ಬರೆದೆ? "ಸೊನ್ನ್ಯಾಗ ಎಂಟು ಹೋಗಂಗಿಲ್ಲಲ್ರಿ. ಅದಕ್ಕ ಎಂಟರಾಗ ಸೊನ್ನಿ ಕಳದೆ." ನೋಡಿ, ಅವನು ಮನಸ್ಸಿಗೆ ಬಂದದ್ದನ್ನು ಬರೆದಿರಲಿಲ್ಲ. ಅವನಿಗೊಂದು ನಿಯಮ ಇತ್ತು: ದೊಡ್ಡದರಲ್ಲಿ ಚಿಕ್ಕದು ಕಳೆ. 3ನೇ ತರಗತಿಯಲ್ಲೋ ಎಲ್ಲೋ ತಾನೇ ಮಾಡಿಕೊಂಡದ್ದು. ಅಲ್ಲಿಂದ ಮೂರು ವರ್ಷ ಅದೇ ನಿಯಮ, ಅದೇ ಕೆಂಪು ಗೆರೆ. ಯಾಕೆ ಹೀಗೆ ಬರೆದೆ ಅಂತ ಯಾರೂ ಕೇಳಿರಲಿಲ್ಲ.

ಗುರುಗಳನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಹೈಸ್ಕೂಲಿನಲ್ಲಿ ಅಷ್ಟೂ ವರ್ಷ ನಾನೂ ಹೀಗೇ ಕೆಂಪು ಗೆರೆ ಎಳೆದವನೇ. ಐವತ್ತು ಮಕ್ಕಳ ನೋಟ್‌ಬುಕ್ ತಿದ್ದುವಾಗ ಉತ್ತರ ಕಾಣುತ್ತದೆ, ಉತ್ತರದ ಹಿಂದಿನ ದಾರಿ ಕಾಣಲ್ಲ. ಮನೆಪಾಠದ ಲಾಭ ಇರುವುದು ಇಲ್ಲೇ. ಒಂದು ಮಗು, ಒಬ್ಬರು ಹೇಳಿಕೊಡುವವರು, ನಡುವೆ ಒಂದು ತಪ್ಪು, ಅದನ್ನು ಬಿಚ್ಚಿ ನೋಡಲು ಬೇಕಾದಷ್ಟು ಪುರುಸೊತ್ತು. ಆ ಹುಡುಗನಿಗೆ ನೂರು ರೂಪಾಯಿಯ ಐದು ನೋಟುಗಳನ್ನು ಕಾಗದದಲ್ಲಿ ಕತ್ತರಿಸಿ ಕೊಟ್ಟೆ. ಒಂದನ್ನು ಹತ್ತರ ಹತ್ತು ನೋಟು ಮಾಡಿಸಿದೆ, ಅದರಲ್ಲಿ ಒಂದನ್ನು ಹತ್ತು ಒಂದು ರೂಪಾಯಿ ನಾಣ್ಯ ಮಾಡಿಸಿದೆ. ನಾಲ್ಕು ನೂರು, ಒಂಬತ್ತು ಹತ್ತು, ಹತ್ತು ಬಿಡಿ. ಈಗ 278 ಕೊಡು ಅಂದೆ. ಎಲ್ಲ ಸ್ಥಾನದಲ್ಲೂ ಎರಡೆರಡು ಉಳಿಯಿತು. ಎರಡೇ ದಿನದ ಕೆಲಸ. ಶಾಲೆಯಲ್ಲಿ 'ಪಕ್ಕದ ಮನೆಯಿಂದ ಸಾಲ ತಗೋ' ಅಂತ ಹೇಳುವುದು ಏನು ಅಂತ ಅವನಿಗೆ ಅವತ್ತು ಗೊತ್ತಾಯಿತು.

ಬಾಯಿಲೆಕ್ಕ ಬರುವ ಮಗುವಿಗೆ ಕಾಗದದ ಲೆಕ್ಕ ಬರದಿರುವುದು ನಮ್ಮ ಕಡೆಯ ವಿಚಿತ್ರ ಏನೂ ಅಲ್ಲ. ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಸಂಶೋಧಕರು ಪರೀಕ್ಷೆ ಮಾಡಿ 1985ರಲ್ಲಿ ಅದನ್ನು ಪ್ರಕಟಿಸಿದರು. ಗಿರಾಕಿಯಾಗಿ ನಿಂತು ಕೇಳಿದಾಗ 98 ಶೇಕಡಾ ಲೆಕ್ಕ ಸರಿ. ಅಂಥದೇ ಲೆಕ್ಕವನ್ನು ಬರೀ ಅಂಕಿಯಾಗಿ ಕಾಗದದ ಮೇಲೆ ಕೊಟ್ಟಾಗ 37 ಶೇಕಡಾ ಮಾತ್ರ. ಐದೇ ಮಕ್ಕಳು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದ ತಂಡ ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಬಹಳಷ್ಟು ಮಕ್ಕಳನ್ನು ನೋಡಿ 2025ರಲ್ಲಿ ಅದನ್ನು ಪ್ರಕಟಿಸಿತು. ಅಲ್ಲೂ ಇದೇ ಕಥೆ. ಇನ್ನೊಂದು ಮಜಾ ಏನಂದರೆ, ಉಲ್ಟಾ ಕೂಡ ನಿಜ. ಶಾಲೆಯ ಲೆಕ್ಕ ಚೆನ್ನಾಗಿ ಮಾಡುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಅಂದರೆ ಎರಡು ಊರು ಇವೆ, ನಡುವೆ ರಸ್ತೆ ಇಲ್ಲ. ನಿಮ್ಮ ಮಗಳು ಒಂದು ಊರಿನಲ್ಲಿ ಯಜಮಾನಿ, ಇನ್ನೊಂದರಲ್ಲಿ ಪರದೇಶಿ.

ರಸ್ತೆ ಹಾಕುವವರು ಬೇಕು ನಿಮಗೆ. ಆ ಕೆಲಸಕ್ಕೆ ಮನೆಪಾಠ ಒಳ್ಳೆಯದು. ಆದರೆ ಹೇಗೆ ಮಾಡಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹೇಗೆ ಮಾಡಿಸಬಾರದು ಅಂತ ನನ್ನದೇ ಒಂದು ಕಥೆ ಹೇಳುತ್ತೇನೆ. ನಾನಿನ್ನೂ ಡಿಗ್ರಿ ಓದುತ್ತಿದ್ದಾಗ ಬಾಗಲಕೋಟೆಯ ಹಳೇ ಊರಿನಲ್ಲಿ ಒಂದು ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ದಿನಾ ಒಂದು ತಾಸು. ಹೋದ ಕೂಡಲೇ ಹೋಂವರ್ಕ್ ತೆಗೆ ಅನ್ನುವುದು, ನಾನು ಹೇಳುವುದು, ಅವನು ಬರೆಯುವುದು. ಎಲ್ಲಿ ನಿಂತನೋ ಅಲ್ಲೇ ಮುಂದಿನ ಸಾಲು ನಾನು ಹೇಳಿಬಿಡುತ್ತಿದ್ದೆ. ನೋಟ್‌ಬುಕ್ ಮುತ್ತು ಪೋಣಿಸಿದ ಹಾಗೆ. ಮನೆಯವರಿಗೆ ಖುಷಿ, ಬೆಲ್ಲ ಹಾಕಿದ ಚಹಾ, ಭಾನುವಾರ ಊಟ. ವಾರ್ಷಿಕ ಪರೀಕ್ಷೆಯಲ್ಲಿ ಹುಡುಗ ಫೇಲು. ಅವನ ತಾಯಿ ನನಗೆ ಏನೂ ಅನ್ನಲಿಲ್ಲ, ಸುಮ್ನೆ ಕೊನೇ ತಿಂಗಳ ದುಡ್ಡು ಕೈಗಿಟ್ಟು ಬಾಗಿಲ ತನಕ ಬಂದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ವರ್ಷಪೂರ್ತಿ ಲೆಕ್ಕ ಮಾಡಿದ್ದು ನಾನು, ಅವನು ಬರೀ ಗುಮಾಸ್ತ.

ಈಗ ನಾನು ಮಾಡುವುದು ಬೇರೆ. ಮಗು ನಿಂತಾಗ ನಾನು ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ. ಅದು ಮುಗಿಯುವ ತನಕ ಬಾಯಿ ಬಿಡಲ್ಲ. ಹತ್ತರಲ್ಲಿ ಆರೇಳು ಸಲ ಮಗುವೇ ಮುಂದಿನ ಸಾಲು ಬರೆದಿರುತ್ತದೆ.

ಇನ್ನು ನಿಮ್ಮ ಮಗಳ ವಿಷಯ. ಆಕೆಯನ್ನು ನೋಡದೆ ಖಚಿತ ಹೇಳಲಾರೆ, ಆದರೆ ನೀವು ಬರೆದದ್ದರಲ್ಲೇ ಎರಡು ಸುಳಿವು ಇವೆ.

ಒಂದು, 6ನೇ ತರಗತಿ. ಆ ವರ್ಷ ಮೀಡಿಯಂ ಬದಲಾಯಿತು ಅಂದಿರಿ. ಅದೇ ಹೊತ್ತಿಗೆ ಗಣಿತವೂ ವೇಷ ಬದಲಿಸುತ್ತದೆ. ಭಿನ್ನರಾಶಿ ಗಟ್ಟಿಯಾಗಿ ಬರುತ್ತದೆ, ಋಣ ಸಂಖ್ಯೆ ಬರುತ್ತದೆ, ಅಂಕಿಯ ಜಾಗದಲ್ಲಿ ಎಕ್ಸ್ ಬಂದು ಕೂರುತ್ತದೆ. ಕನ್ನಡದಲ್ಲಿ ಅಂಶ, ಛೇದ ಅಂತ ಕಲಿತವಳಿಗೆ ನ್ಯೂಮರೇಟರ್, ಡಿನಾಮಿನೇಟರ್. ಲ.ಸಾ.ಅ. ಹೋಗಿ ಎಲ್‌ಸಿಎಂ. ಹೆಸರು ಗೊತ್ತಿಲ್ಲದ ಮಗು ಕೈ ಎತ್ತಿ ಕೇಳಲ್ಲ, ತನಗೆ ಬರಲ್ಲ ಅಂದುಕೊಳ್ಳುತ್ತದೆ. ಎರಡು ವರ್ಷ ಹೀಗೇ ಹೋದರೆ 25ಕ್ಕೆ 7 ದೊಡ್ಡ ಆಶ್ಚರ್ಯವಲ್ಲ. ಹೇಳಿಕೊಡುವವರು ಮೊದಲು ಮನೆಮಾತಿನಲ್ಲಿ ವಿಷಯ ಬಿಡಿಸಬೇಕು, ತಿಳಿದ ಮೇಲೆ ಇಂಗ್ಲಿಷ್ ಹೆಸರು ಅಂಟಿಸಬೇಕು. ಬಹಳ ಜನ ಉಲ್ಟಾ ಮಾಡುತ್ತಾರೆ, 'ಫ್ಲುಯೆಂಟ್ ಆಗಲಿ' ಅಂತ. ಗಣಿತದ ತಾಸಿನಲ್ಲಿ ಎರಡು ಕೆಲಸ ಬೇಡ.

ಎರಡನೆಯದು ನಿಮ್ಮ ದೀಡ ಕಿಲೋ. ಸಕ್ಕರೆ ಕಿಲೋಗೆ 44 ಅಂತ ಇಟ್ಟುಕೊಳ್ಳಿ. ದೀಡ ಕಿಲೋಗೆ ಎಷ್ಟು ಅಂದರೆ ಆಕೆ 44, ಅದರರ್ಧ 22, ಒಟ್ಟು 66 ಅನ್ನುತ್ತಾಳೆ. ಪೇಪರಿನಲ್ಲಿ 3/2 × 44 ಅಂತ ಇದ್ದರೆ ಅಂಗೈ ಬೆವರುತ್ತದೆ. ದೀಡ ಅಂದರೆ 1½, ಅದೇ 3/2, ಅದೇ 1.5. ನಾಲ್ಕು ಹೆಸರು, ಒಂದೇ ವಸ್ತು. ಇದನ್ನು ಆಕೆಗೆ ಯಾರೂ ಜೋಡಿಸಿ ತೋರಿಸಿಲ್ಲ ಅಂತ ನನ್ನ ಅನುಮಾನ. ಅಡೀಚ (ಎರಡೂವರೆ), ಸವ್ವಾ (ಒಂದೂಕಾಲು), ಮುಕ್ಕಾಲು, ಇವೆಲ್ಲ ಅಂಗಡಿಯ ಮಗುವಿಗೆ ನಾಲಿಗೆ ತುದಿಯಲ್ಲಿ ಇರುವ ಭಿನ್ನರಾಶಿಗಳು. ಪುಸ್ತಕದಿಂದ ಶುರು ಮಾಡುವುದು ಬಿಟ್ಟು ಇಲ್ಲಿಂದ ಶುರು ಮಾಡಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಋಣ ಸಂಖ್ಯೆಗೂ ನಿಮ್ಮಲ್ಲೇ ಪಾಠ ಇದೆ, ಉದ್ರಿ ಪುಸ್ತಕ. ಒಬ್ಬರ ಹೆಸರಿನಲ್ಲಿ 80 ಉದ್ರಿ ಇದೆ. ಅದರಲ್ಲಿ 30 ನೀವು ಬಿಟ್ಟುಬಿಟ್ಟಿರಿ. ಈಗ 50 ಉದ್ರಿ. ಇದನ್ನೇ ಪುಸ್ತಕ −80 − (−30) = −50 ಅಂತ ಬರೆಯುತ್ತದೆ. 'ಮೈನಸ್ ಮೈನಸ್ ಪ್ಲಸ್' ಅಂತ ಮಂತ್ರ ಹೇಳಿಸಿದ ಮಕ್ಕಳು ಮರುದಿನ −3 −5 ಕೂಡ +8 ಅನ್ನುತ್ತವೆ. ಉದ್ರಿ ಮೇಲೆ ಉದ್ರಿ ಮಾಡಿದವರ ಹೆಸರಿಗೆ ನೀವು ಜಮಾ ಬರೆಯುತ್ತೀರಾ?

ಇವತ್ತು ರಾತ್ರಿ ಆಕೆಗೆ ಒಂದು ಸಣ್ಣ ಲೆಕ್ಕ ಕೊಟ್ಟು ನೋಡಿ. 8 + 4 = ▢ + 5. ಚೌಕದಲ್ಲಿ ಏನು? 12 ಅಂದರೆ ಬೇಜಾರಾಗಬೇಡಿ, ಬಹಳ ಮಕ್ಕಳು ಹಾಗೇ ಬರೆಯುತ್ತಾರೆ. ಸಮ ಚಿಹ್ನೆ ಅಂದರೆ 'ಇಲ್ಲಿ ಉತ್ತರ ಬರಿ' ಅನ್ನುವ ಗಂಟೆ ಅಂತ ಅವರಿಗೆ ಅಭ್ಯಾಸವಾಗಿದೆ. ಎರಡೂ ಕಡೆ ತೂಕ ಒಂದೇ ಅನ್ನುವುದು ತಲೆಗೆ ಹೋಗಿಲ್ಲ. ಉತ್ತರ 7. ಈ ಒಂದು ಗೊಂದಲ ಉಳಿದರೆ 8ನೇ ತರಗತಿಯ ಸಮೀಕರಣ ಪೂರ್ತಿ ಮಂತ್ರವಾಗಿಬಿಡುತ್ತದೆ. 'ಆ ಕಡೆ ಹೋದರೆ ಚಿಹ್ನೆ ಬದಲು' ಅಂತ ಉರು ಹೊಡೆಯುತ್ತಾರೆ, ಯಾಕೆ ಬದಲು ಅಂತ ಕೇಳಿದರೆ ಮೌನ.

ಅಂಗೈ ಬೆವರುವುದರ ಬಗ್ಗೆ. ಭಯ ಬಂದಾಗ ತಲೆಯಲ್ಲಿ ಲೆಕ್ಕ ಹಿಡಿದಿಟ್ಟುಕೊಳ್ಳುವ ಜಾಗವನ್ನು ಭಯವೇ ತುಂಬುತ್ತದೆ ಅಂತ ಈ ವಿಷಯದ ಸಂಶೋಧಕರು ಕಂಡುಕೊಂಡಿದ್ದಾರೆ. ದಶಕ ಕೈಯಲ್ಲಿ ಹಿಡಿದುಕೊಂಡದ್ದು ಮರೆತೇ ಹೋಗುತ್ತದೆ. ಅದಕ್ಕೇ ಮನೆಯಲ್ಲಿ ಬಂದದ್ದು ಪರೀಕ್ಷೆಯಲ್ಲಿ ಬರಲ್ಲ. ಇದಕ್ಕೆ 'ಹೆದರಬೇಡ ಪುಟ್ಟಿ, ನೀನು ಜಾಣೆ' ಅನ್ನುವುದು ಔಷಧಿ ಅಲ್ಲ. ಮಕ್ಕಳಿಗೆ ಹೊಗಳಿಕೆಯ ಬೆಲೆ ಚೆನ್ನಾಗಿ ಗೊತ್ತು. ನಿನ್ನೆ ಬಾರದ ಲೆಕ್ಕ ಇವತ್ತು ತಾನಾಗಿ ಬಂದಾಗ ಹುಟ್ಟುವ ಧೈರ್ಯ ಇದೆಯಲ್ಲ, ಅದು ನಿಲ್ಲುತ್ತದೆ. ಹಾಗಾಗಿ ಮೊದಲ ಎರಡು ವಾರ 8ನೇ ತರಗತಿಯ ಪುಸ್ತಕ ಮುಟ್ಟಲೇಬೇಡಿ ಅಂತ ಹೇಳುತ್ತೇನೆ. 5ನೇ, 6ನೇ ತರಗತಿಯ ಪುಸ್ತಕ ಯಾರಿಂದಲಾದರೂ ಇಸಕೊಳ್ಳಿ. ಎಲ್ಲಿ ನೆಲ ಗಟ್ಟಿ ಇದೆಯೋ ಅಲ್ಲಿಂದ ಹೆಜ್ಜೆ ಇಡಲಿ. 'ಇಷ್ಟು ದೊಡ್ಡವಳಾಗಿ ಐದನೇ ಪುಸ್ತಕವಾ' ಅಂತ ಮನೆಯಲ್ಲಿ ಯಾರೂ ಅನ್ನಬಾರದು, ಮುಖ್ಯವಾಗಿ ಅಜ್ಜಿ. ಎಸ್ಸೆಸ್ಸೆಲ್ಸಿಗೆ ಇನ್ನೂ ಎರಡು ವರ್ಷ ಇದೆ, ಎರಡು ವಾರ ದೊಡ್ಡ ಲುಕ್ಸಾನೇನಲ್ಲ.

ಟ್ಯೂಷನ್ ಕ್ಲಾಸಾ, ಮನೆಪಾಠವಾ ಅಂತ ಕೇಳಿದ್ದೀರಿ. ಮೂವತ್ತು ಮಕ್ಕಳ ಕ್ಲಾಸು ಅಂದರೆ ಸಂಜೆ ಇನ್ನೊಂದು ಶಾಲೆ, ಅಷ್ಟೇ. ಬೆಳಗ್ಗೆ ಕೈ ಎತ್ತದವಳು ಸಂಜೆಯೂ ಎತ್ತಲ್ಲ. ಒಬ್ಬೊಬ್ಬರಿಗೇ ಕಲಿಸಿ, ಒಂದು ಪಾಠ ಪಕ್ಕಾ ಆದ ಮೇಲೇ ಮುಂದಿನದಕ್ಕೆ ಹೋದರೆ ಸಾಧಾರಣ ಮಗು ಕೂಡ ಮಾಮೂಲಿ ತರಗತಿಯ ನೂರಕ್ಕೆ 98 ಮಕ್ಕಳನ್ನು ದಾಟಿತು ಅಂತ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣ ತಜ್ಞರು 1984ರಲ್ಲಿ ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಲಾಭ ಇದೆ ಅನ್ನುವುದರಲ್ಲಿ ತಕರಾರಿಲ್ಲ. ಖರ್ಚು ಭಾರ ಅನ್ನಿಸಿದರೆ ಅದೇ ಮಟ್ಟದ ಇನ್ನೊಬ್ಬಳನ್ನು ಸೇರಿಸಿಕೊಳ್ಳಿ. ಇಬ್ಬರು ಇದ್ದರೆ ಒಬ್ಬಳು ಇನ್ನೊಬ್ಬಳಿಗೆ ಹೇಳಿಕೊಡುತ್ತಾಳೆ, ಅದೂ ಒಳ್ಳೆಯದೇ. ನಾಲ್ವರು ಆದರೆ ಮತ್ತೆ ಕ್ಲಾಸಾಯಿತು.

ವಾರಕ್ಕೆ ಮೂರು ದಿನ ಸಾಕು, ಒಂದೊಂದು ತಾಸು. ನಡುವಿನ ದಿನ ಆಕೆ ಒಬ್ಬಳೇ ಕೂತು ಹತ್ತು ಲೆಕ್ಕ ಮಾಡಲಿ. ದಿನಾ ಮಾಸ್ತರ ಬಂದರೆ ಒಬ್ಬಳೇ ಕೂರುವ ಅಭ್ಯಾಸವೇ ಬರಲ್ಲ.

ಯಾರನ್ನು ಇಡಬೇಕು? ಆಕೆಯ ಶಾಲೆಯ ಗುರುಗಳನ್ನೇ ಕೇಳೋಣ ಅಂತ ಇದ್ದರೆ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಪಾಠ ಮಾಡುವ ಹಾಗಿಲ್ಲ. ಅವರನ್ನು ಮುಜುಗರಕ್ಕೆ ಹಾಕಬೇಡಿ. ಆದರೆ ಒಂದು ಸಲ ಹೋಗಿ, ಮಗಳು ಎಲ್ಲಿ ಎಡವುತ್ತಾಳೆ ಅಂತ ಕೇಳಿ ಬನ್ನಿ, ಅದು ಪುಕ್ಕಟೆ. ಮನೆಪಾಠಕ್ಕೆ ನಿಮ್ಮ ಓಣಿಯಲ್ಲೇ ಬಿ.ಎಸ್ಸಿ. ಓದುವ ಹುಡುಗಿ ಇದ್ದರೆ ಸಾಕು, ದೊಡ್ಡ ಡಿಗ್ರಿ ಬೇಕಿಲ್ಲ. ಮೊದಲ ದಿನ ಆಕೆ ಏನು ಮಾಡುತ್ತಾಳೆ ನೋಡಿ. ಬಂದ ಕೂಡಲೇ ಹೊಸ ಅಧ್ಯಾಯ ಶುರು ಮಾಡಿದರೆ ನನಗೆ ಅಷ್ಟು ನಂಬಿಕೆ ಬರಲ್ಲ. ಹಳೇ ಟೆಸ್ಟ್ ಪೇಪರ್ ಕೊಡಿ ಅಂದು, ಒಂದೊಂದು ತಪ್ಪಿಗೂ 'ಇದನ್ನ ಹೆಂಗ ಮಾಡಿದಿ, ಹೇಳು' ಅಂತ ಕೇಳಿದರೆ ಆಕೆಯನ್ನು ಬಿಡಬೇಡಿ. ತಿಂಗಳಾದ ಮೇಲೆ ನೋಟ್‌ಬುಕ್ ತೆಗೆದು ನೋಡಿ. ಎಲ್ಲ ಸರಿ ಇದ್ದು ಒಂದು ಕಾಟೂ ಇಲ್ಲದಿದ್ದರೆ ಅನುಮಾನ ಪಡಿ. ಬರೆದು, ಹೊಡೆದು, ಪಕ್ಕದಲ್ಲಿ ಮತ್ತೆ ಬರೆದದ್ದು ಇರಬೇಕು. ಪಾಠ ಪಡಸಾಲೆಯಲ್ಲೇ ನಡೆಯಲಿ, ಬಾಗಿಲು ತೆರೆದಿರಲಿ, ಮನೆಯಲ್ಲಿ ಒಬ್ಬರು ಇರಲಿ. ಬರುವವರು ಯಾರೇ ಇರಲಿ, ಇದು ಕಟ್ಟುನಿಟ್ಟು.

ನನಗಂತೂ ಗಣಿತ ಬರಲ್ಲ ಅಂತ ಬರೆದಿದ್ದೀರಿ. ಈ ಮಾತು ಮಗಳ ಎದುರು ಆಡಬೇಡಿ. ಅಮೆರಿಕದಲ್ಲಿ 1, 2ನೇ ತರಗತಿ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಬಂತು. ಗಣಿತಕ್ಕೆ ಹೆದರುವ ತಂದೆ ತಾಯಿ ಪದೇ ಪದೇ ಹೋಂವರ್ಕಿಗೆ ಕೂತ ಮನೆಗಳಲ್ಲಿ ಮಕ್ಕಳು ವರ್ಷದಲ್ಲಿ ಕಲಿತದ್ದು ಕಡಿಮೆ, ಅವರ ಭಯವೂ ಹೆಚ್ಚಿತು. ಕೂರದೇ ಇದ್ದ ಮನೆಗಳಲ್ಲಿ ಹಾಗಾಗಲಿಲ್ಲ. ಹಾಗಾಗಿ ನೀವು ಕಲಿಸಲು ಹೋಗಬೇಡಿ, ಕಲಿಯಲು ಕೂರಿ. ರೊಟ್ಟಿ ಬಡಿಯುತ್ತಾ 'ಇವತ್ತು ಏನು ಕಲಿತೆ, ನನಗೂ ಹೇಳು' ಅನ್ನಿ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ. ನಿಮಗೆ ತಿಳಿಸಲು ಹೋಗಿ ಆಕೆಗೇ ಪಕ್ಕಾ ಆಗುತ್ತದೆ. ಮಳೆಗಾಲದಲ್ಲಿ ಪೇಪರಿನಲ್ಲಿ ಆಲಮಟ್ಟಿ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ಆಕೆ ಕೈಲಿ ಓದಿಸಿ. ತುಂಬಿದಾಗ 519.60 ಮೀಟರ್. ಒಂದು ದಿನ 519.25, ಇನ್ನೊಂದು ದಿನ 519.6 ಇದ್ದರೆ ಯಾವ ದಿನ ನೀರು ಜಾಸ್ತಿ ಅಂತ ಕೇಳಿ. 25 ದೊಡ್ಡದು, 6 ಚಿಕ್ಕದು ಅಂದಳೋ, ದಶಮಾಂಶದಲ್ಲೂ ಕೆಲಸ ಇದೆ ಅಂತ ಹೇಳಿಕೊಡುವವರಿಗೆ ತಿಳಿಸಿ.

ಕೊನೆಗೆ ನಿಮ್ಮ ಯಜಮಾನರ ಮಾತು. ಅಂಗಡಿಯಲ್ಲಿ ಕೂರುವುದನ್ನು ಬಿಡಿಸಬೇಡಿ. ಪರೀಕ್ಷೆಯ ವಾರ ಬೇಡ, ಉಳಿದ ದಿನ ಒಂದು ತಾಸು ಕೂರಲಿ. ಆಕೆ ತಾನು ಲೆಕ್ಕದಲ್ಲಿ ಗಟ್ಟಿ ಅಂತ ನಂಬಿರುವ ಜಾಗ ಅದೊಂದೇ, ಅದನ್ನೂ ಕಿತ್ತುಕೊಂಡರೆ ಉಳಿಯುವುದು 25ಕ್ಕೆ 7 ಮಾತ್ರ. ಬದಲಿಗೆ ಕೈಯಲ್ಲಿ ಒಂದು ನೋಟ್‌ಬುಕ್ ಕೊಡಿ. ದಿನಕ್ಕೆ ಐದು ವ್ಯಾಪಾರ, ಬಾಯಲ್ಲಿ ಹೇಳಿದ್ದನ್ನು ಶಾಲೆಯ ರೀತಿಯಲ್ಲಿ ಬರೆದಿಡಲಿ. 44 × 3/2 = 66, ಹೀಗೆ.

ಇನ್ನೊಂದು. ಈಗ ನಿಮ್ಮಲ್ಲೂ ಎಲೆಕ್ಟ್ರಾನಿಕ್ ಕಾಟಾ ಇರಬೇಕು. ಹಳೇ ತಕ್ಕಡಿ ಅಟ್ಟದ ಮೇಲೆ ಬಿದ್ದಿದ್ದರೆ ಕೆಳಗಿಳಿಸಿ, ಒರೆಸಿ, ಪಡಸಾಲೆಯಲ್ಲಿ ತೂಗುಹಾಕಿ. ಅಳತೆ ಹೇಳದೆ 400 ಗ್ರಾಂನ ನಾಲ್ಕು ಪೊಟ್ಟಣ ಕಟ್ಟಿ. ಒಂದು ತಟ್ಟೆಯಲ್ಲಿ ಮೂರು ಪೊಟ್ಟಣ, 200 ಗ್ರಾಂ ಕಲ್ಲು. ಇನ್ನೊಂದರಲ್ಲಿ ಒಂದು ಪೊಟ್ಟಣ, ಒಂದು ಕಿಲೋ ಕಲ್ಲು. ಮುಳ್ಳು ಮಧ್ಯಕ್ಕೆ ನಿಲ್ಲುತ್ತದೆ. ಒಂದು ಪೊಟ್ಟಣದ ತೂಕ ಎಷ್ಟು ಅಂತ ಕೇಳಿ ಸುಮ್ನೆ ಕೂತುಬಿಡಿ. ಎರಡೂ ಕಡೆಯಿಂದ ಒಂದೊಂದು ಪೊಟ್ಟಣ ತೆಗೆಯಬಹುದು ಅಂತ ಆಕೆಗೇ ಹೊಳೆಯಬೇಕು. ಆ ಹೊತ್ತು ನಿಮ್ಮ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಉತ್ತರ ಹೇಳಬೇಡಿ ಅಂತ ಮೊದಲೇ ತಾಕೀತು ಮಾಡಿ. ಅಂಗಡಿಯವರಿಗೆ ಬಾಯಿ ಕಟ್ಟುವುದು ಕಷ್ಟ.